ನೂರೆಂಟು ಸಲ ಕರೆದರೆ ಯಾರಿಗೆ ಕೇಳಿಸುತ್ತದೆ?

ಬರೆಯದೆ ತುಂಬಾ ದಿನ ಆಗಿತ್ತು. ಬ್ಲಾಗಿಗೆ ಜೇಡರ ಬಲೆ ಕಟ್ಟಿದೆ ಅಂತ ಇಬ್ಬರು ಗೆಳೆಯರು ಬೈದೂ ಆಯ್ತು. ಬರೆಯೋಕೆ ವಿಷಯ ಇಲ್ಲ ಅಂತಲ್ಲ. ತಲೆಯಲ್ಲಿ ಅಷ್ಟು ಗಲಾಟೆ ಇದ್ದಾಗ ಬರೆಯೋಕೆ ಕೂತರೆ ಒಂದು ವಾಕ್ಯವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಇವತ್ತು ಆ ಗಲಾಟೆಯ ಬಗ್ಗೆಯೇ ಬರೀತೀನಿ. ಸ್ವಲ್ಪ ಉದ್ದ ಆಗಬಹುದು, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :-)

ಕಥೆ ಶುರುವಾಗಿದ್ದು ಆಫೀಸಿನಲ್ಲಿ. ಒಂದು ಗುರುವಾರ ರಾತ್ರಿ ರಿಲೀಸ್ ಇತ್ತು. ಒಂದು ಕಾನ್ಫಿಗ್ ಫೈಲಿನಲ್ಲಿ ಒಂದೇ ಒಂದು ಸಂಖ್ಯೆ ತಪ್ಪಾಗಿ, ನಲವತ್ತು ನಿಮಿಷ ಜನರ ಪೇಮೆಂಟುಗಳು ನಡುದಾರಿಯಲ್ಲಿ ನಿಂತುಬಿಟ್ಟವು. ಯಾರ ದುಡ್ಡೂ ಹೋಗಲಿಲ್ಲ, ಬೆಳಗಾಗುವಷ್ಟರಲ್ಲಿ ಎಲ್ಲ ಸರಿಹೋಯ್ತು. ಸೋಮವಾರ ಒಂದು ಮೀಟಿಂಗ್ ಆಯ್ತು, ಅದೂ ಮುಗೀತು. ಆದರೆ ನನ್ನ ತಲೆಯೊಳಗೆ ಮಾತ್ರ ಮೀಟಿಂಗ್ ಮುಗಿಯಲೇ ಇಲ್ಲ. ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರ. ಫೋನ್ ಬಡಿದುಕೊಂಡ ಹಾಗೆ ಅನ್ನಿಸೋದು, ನೋಡಿದರೆ ಬಡಿದುಕೊಂಡಿರುತ್ತಿರಲಿಲ್ಲ. ಅಲ್ಲಿಂದ ಶುರು... ಹಾಗೆ ಮಾಡಿದ್ದರೆ, ಹೀಗೆ ಹೇಳಿದ್ದರೆ, ಅವರು ಏನಂದುಕೊಂಡರು, ಮುಂದಿನ ಅಪ್ರೈಸಲ್, ಮನೆ ಸಾಲದ ಕಂತು, ಅಪ್ಪನ ಮಂಡಿನೋವು, ಕಾಲೇಜಿನಲ್ಲಿ ಯಾರಿಗೋ ಹೇಳಿದ್ದ ಒಂದು ಕೆಟ್ಟ ಮಾತು. ಒಂದಕ್ಕೊಂದು ಸಂಬಂಧವೇ ಇಲ್ಲ, ಆದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಐದೂವರೆಗೆ ಪಕ್ಕದ ಮನೆಯ ಮೋಟಾರ್ ಶುರುವಾಗುವ ಹೊತ್ತಿಗೆ ನಿದ್ದೆ. ಏಳೂವರೆಗೆ ಅಲಾರಂ. ಹೀಗೆ ಎರಡು ತಿಂಗಳು.

ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆ. ಕಾಫಿ ಬಿಟ್ಟೆ, ಮತ್ತೆ ಹಿಡಿದೆ. ಧ್ಯಾನದ ಆಪ್ ಹಾಕಿಕೊಂಡೆ. ಅದರಲ್ಲಿ ಒಂದು ಮೃದುವಾದ ದನಿ 'ನಿಮ್ಮ ಯೋಚನೆಗಳನ್ನು ಮೋಡಗಳ ಹಾಗೆ ಸುಮ್ಮನೆ ನೋಡಿ' ಅಂತಿತ್ತು. ನನ್ನವು ಮೋಡಗಳಾಗಿರಲಿಲ್ಲ ಮಾರಾಯ್ರೇ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಂಜೆ ಏಳಕ್ಕೆ ನಿಂತ ಗಾಡಿಗಳಾಗಿದ್ದವು. ಉಸಿರನ್ನು ಗಮನಿಸಿ ಅಂದರು. ಗಮನಿಸಿದೆ. ಗಮನಿಸಿದಷ್ಟೂ ಉಸಿರು ಸರಿಯಾಗಿ ಆಡುತ್ತಿದೆಯೋ ಇಲ್ಲವೋ ಅನ್ನುವ ಹೊಸ ಚಿಂತೆ ಹತ್ತಿಕೊಂಡಿತು. ಅದರಿಂದ ಲಾಭ ಆದವರು ಬೇಕಾದಷ್ಟು ಜನ ಇದ್ದಾರೆ, ತಪ್ಪು ಆ ವಿಧಾನದ್ದಲ್ಲ. ಆದರೆ ಓಡುತ್ತಿರುವ ಮನಸ್ಸಿಗೆ 'ಏನೂ ಮಾಡದೆ ಕೂತಿರು' ಅನ್ನೋದು, ಅಳುತ್ತಿರುವ ಮಗುವಿಗೆ 'ಅಳಬೇಡ' ಅಂದ ಹಾಗೆ. ಅದರ ಕೈಗೆ ಏನಾದರೂ ಕೊಡಬೇಕು.

ಕೈಗೆ ಕೊಡುವ ವಸ್ತು ನಮ್ಮ ಮನೆಯಲ್ಲೇ ಇತ್ತು. ನನ್ನ ಅಜ್ಜಿಯ ತುಳಸಿ ಮಣಿಯ ಜಪಮಾಲೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಜಪ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕಣ್ಣು ಮುಚ್ಚಿ, ಮುಖದ ಮೇಲೆ ಬೆಳಕು ಬೀಳುವ ಜಪ ಅಲ್ಲ ಅದು. ಜಗಲಿಯಲ್ಲಿ ಕೂತು, ಬಲಗೈ ಬಟ್ಟೆಯ ಗೋಮುಖಿಯೊಳಗೆ ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ, ನಡುನಡುವೆ ಅಂಗಳಕ್ಕೆ ಬಂದ ದನವನ್ನು ಗದರುತ್ತಾ, ಒಳಗೆ ಹಾಲು ಉಕ್ಕಿದ ವಾಸನೆ ಬಂದರೆ ಕೂಗುತ್ತಾ ಮಾಡುವ ಜಪ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಆಗಷ್ಟೇ ಬುದ್ಧಿ ಬಂದಿದೆ ಅಂದುಕೊಂಡಿದ್ದ ಕಾಲದಲ್ಲಿ, ಅಜ್ಜಿಯನ್ನು ಕೇಳಿದ್ದೆ. "ಅಜ್ಜಿ, ಒಬ್ಬರ ಹೆಸರನ್ನ ನೂರೆಂಟು ಸಲ ಕರೆದರೆ ಅವರಿಗೆ ಸಿಟ್ಟು ಬರಲ್ವಾ? ನಿನ್ನ ರಾಮನಿಗೆ ಕಿವಿ ಮಂದವಾ?"

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಅವಂಗೆ ಒಂದೇ ಸಲಕ್ಕೆ ಕೇಳ್ತದೆ ಮಾರಾಯ. ನಂಗೆ ಕೇಳ್ಬೇಕಲ, ಅದಕ್ಕೆ ನೂರೆಂಟು" ಅಂದಳು.

ಆಗ ಅದು ಜಾಣ ಉತ್ತರ ಅಂತ ನಕ್ಕು ಬಿಟ್ಟಿದ್ದೆ. ಹತ್ತು ವರ್ಷದ ಮೇಲೆ, ರಾತ್ರಿ ಮೂರು ಗಂಟೆಯ ಕತ್ತಲಲ್ಲಿ ಅದು ನೆನಪಾಯ್ತು. ಮರುದಿನ ಅಜ್ಜಿಗೆ ಫೋನ್ ಮಾಡಿ, ನಿದ್ದೆ ಬರ್ತಿಲ್ಲ, ಜಪ ಮಾಡೋದು ಹೇಗೆ ಹೇಳು ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದ್ದು ಇಷ್ಟೇ: "ಬಾಯಲ್ಲಿ ಹೇಳು, ಕಿವಿಯಲ್ಲಿ ಕೇಳು. ಎಣಿಕೆ ಮಣಿ ನೋಡಿಕೊಳ್ತದೆ, ನೀ ತಲೆಬಿಸಿ ಮಾಡ್ಬೇಡ. ಮರೆತು ಹೋದ್ರೆ ಮತ್ತೆ ಹೇಳು."

ಮೊದಲ ವಾರ ನಾನು ಮಾಡಿದ್ದು ಏನು ಗೊತ್ತಾ? ತಲೆಬಿಸಿಯನ್ನೇ. ಒಂದು ಮಾಲೆಗೆ ಎಷ್ಟು ನಿಮಿಷ ಅಂತ ಸಮಯ ನೋಡಿದೆ. 'ಶ್ರೀರಾಮ ಜಯರಾಮ ಜಯಜಯರಾಮ' ನಿಧಾನಕ್ಕೆ ಹೇಳಿದರೆ ಮೂರೂವರೆ ಸೆಕೆಂಡು, ನೂರೆಂಟಕ್ಕೆ ಆರು ನಿಮಿಷದ ಮೇಲೆ ಸ್ವಲ್ಪ. ಎಕ್ಸೆಲ್ ಶೀಟ್ ತೆರೆದೆ. ದಿನಕ್ಕೆ ಎಷ್ಟು ಮಾಲೆ, ಎಷ್ಟು ದಿನ ತಪ್ಪದೆ ಮಾಡಿದೆ, ಸರಾಸರಿ ಎಷ್ಟು. ನಾಲ್ಕನೇ ದಿನ ತಪ್ಪಿಹೋಯ್ತು, ಆ ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಜಪ ತಪ್ಪಿದ್ದೂ ಒಂದು ಕಾರಣ ಆಯ್ತು! ಶಾಂತಿಗೂ ಟಾರ್ಗೆಟ್ ಇಟ್ಟುಕೊಳ್ಳುವ ರೋಗ ನಮ್ಮ ಕೆಲಸದವರಿಗೆ ಚೆನ್ನಾಗಿ ಗೊತ್ತು. ಎರಡನೇ ವಾರ ಆ ಶೀಟನ್ನು ಅಳಿಸಿ ಹಾಕಿದೆ. ಜಪ ನಿಜವಾಗಿ ಶುರುವಾಗಿದ್ದು ಆವತ್ತು.

ನಾನು ಇವತ್ತು ಹೇಳಬೇಕು ಅಂತಿರುವ ಮೊದಲ ಮಾತು ಇದು. ಜಪ ಮನಸ್ಸನ್ನು ನಿಲ್ಲಿಸುವುದಿಲ್ಲ. ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಒಂದು ಮಾಲೆ ಮುಗಿಸುವುದರೊಳಗೆ ಮನಸ್ಸು ಇಪ್ಪತ್ತು ಸಲವಾದರೂ ಆಚೆ ಹೋಗಿ ಬರುತ್ತದೆ. ವ್ಯತ್ಯಾಸ ಏನು ಅಂದರೆ, ಮೊದಲು ಹೋದದ್ದಕ್ಕೆ ವಾಪಸ್ ಬರೋಕೆ ಮನೆಯೇ ಇರಲಿಲ್ಲ, ಈಗ ಒಂದು ಮನೆ ಇದೆ. ನಾಲಿಗೆ ಹೆಸರು ಹೇಳುತ್ತಲೇ ಇರುತ್ತದೆ, ಬೆರಳು ಮಣಿ ತಳ್ಳುತ್ತಲೇ ಇರುತ್ತದೆ. ಅಲೆಮಾರಿ ಮನಸ್ಸು ತಿರುಗಿ ನೋಡಿದಾಗ ಇವು ಬಿಟ್ಟ ಜಾಗದಲ್ಲೇ ಕಾಯುತ್ತಿರುತ್ತವೆ. ಆ ವಾಪಸ್ ಬರುವುದೇ ಜಪ. ಇಪ್ಪತ್ತು ಸಲ ತಪ್ಪಿಸಿಕೊಂಡರೆ ಇಪ್ಪತ್ತು ಸಲ ಬಂದ ಹಾಗಾಯ್ತು, ಇಪ್ಪತ್ತು ಸಲ ಸೋತ ಹಾಗಲ್ಲ.

ಇದನ್ನು ನಾನೇನೂ ಕಂಡುಹಿಡಿಯಲಿಲ್ಲ ಬಿಡಿ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ, ಈ ಮನಸ್ಸನ್ನು ಹಿಡಿಯೋದು ಗಾಳಿಯನ್ನು ಹಿಡಿದ ಹಾಗೆ, ನನ್ನ ಕೈಲಾಗಲ್ಲ ಅಂತ ಕೃಷ್ಣನ ಎದುರೇ ಹೇಳುತ್ತಾನೆ. ನನಗೆ ಇಷ್ಟ ಆಗೋದು ಕೃಷ್ಣ 'ಹಾಗೇನಿಲ್ಲ, ಸುಲಭ' ಅನ್ನದೇ ಇರೋದು. ಹೌದು, ಕಷ್ಟವೇ ಅಂತ ಒಪ್ಪಿಕೊಂಡು ಅಭ್ಯಾಸ ಮತ್ತು ವೈರಾಗ್ಯ ಅಂತ ಎರಡು ದಾರಿ ಹೇಳುತ್ತಾನೆ. ಅದಕ್ಕೂ ಸ್ವಲ್ಪ ಮೊದಲು, ಮನಸ್ಸು ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ಕರೆದು ತರಬೇಕು ಅಂತಾನೆ. ಓಡಲೇಬಾರದು ಅಂತ ಅನ್ನುವುದಿಲ್ಲ, ಗಮನಿಸಿ.

ಸಂಶೋಧಕರೂ ಇದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳಿದ್ದಾರೆ. ಹಾರ್ವರ್ಡ್‌ನ ಹೃದಯ ತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲಿ 'ದಿ ರಿಲ್ಯಾಕ್ಸೇಷನ್ ರೆಸ್ಪಾನ್ಸ್' ಅಂತ ಒಂದು ಪುಸ್ತಕ ಬರೆದರು. ಬೇರೆ ಬೇರೆ ಧರ್ಮದವರ ಪ್ರಾರ್ಥನೆ, ಧ್ಯಾನಗಳನ್ನು ನೋಡಿ ಅವರು ಮುಖ್ಯವಾಗಿ ಎರಡು ಸಂಗತಿ ಎತ್ತಿಕೊಂಡರು. ಒಂದು ಪದವನ್ನೋ ಪ್ರಾರ್ಥನೆಯನ್ನೋ ಮತ್ತೆ ಮತ್ತೆ ಹೇಳುವುದು, ಬೇರೆ ಯೋಚನೆ ಬಂದಾಗ ತಲೆಕೆಡಿಸಿಕೊಳ್ಳದೆ ಅದಕ್ಕೇ ಮರಳುವುದು. ಅಜ್ಜಿ ಫೋನಿನಲ್ಲಿ ಹೇಳಿದ್ದೂ ಅದೇ ಎರಡು. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅನ್ನುವ ಇಬ್ಬರು ಐಫೋನ್ ಆಪ್ ಮೂಲಕ 2250 ಜನರನ್ನು ಹಗಲಿನ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ನೋಡಿದರು. ಸುಮಾರು 47% ಸಲ ಜನರ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ, ಹಾಗೆ ಇಲ್ಲದಿದ್ದಾಗ ಅವರ ಸಂತೋಷವೂ ಕಡಿಮೆಯೇ ಇತ್ತು. ಅಂದರೆ ಅಲೆಯೋದು ನನ್ನೊಬ್ಬನ ರೋಗ ಅಲ್ಲ. ಅದು ತಿಳಿದಾಗ ಅರ್ಧ ಸಮಾಧಾನ ಆಯ್ತು :-)

ಇನ್ನೊಂದು ಸ್ವಾರಸ್ಯ ಇದೆ. ಇಟಲಿಯ ಬರ್ನಾರ್ಡಿ ಮತ್ತು ಅವರ ತಂಡ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 23 ಜನ ಆರೋಗ್ಯವಂತರ ಕೈಲಿ ಲ್ಯಾಟಿನ್‌ನಲ್ಲಿ 'ಆವೆ ಮರಿಯಾ' ಹೇಳಿಸಿದರು, 'ಓಂ ಮಣಿ ಪದ್ಮೇ ಹುಂ' ಕೂಡ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆ ನಿಧಾನ ಗತಿ ಹೃದಯದ ಬಡಿತ ಮತ್ತು ರಕ್ತದೊತ್ತಡದ ಸಹಜ ಏರಿಳಿತದ ಲಯಕ್ಕೆ ಕೂಡಿಬಂತು. ನನಗೆ ಉಸಿರನ್ನು ಗಮನಿಸಿದಾಗ ಆಗದೇ ಇದ್ದದ್ದು, ಹೆಸರು ಹೇಳಿದಾಗ ಹೇಗೆ ಆಯ್ತು ಅಂತ ಆಗ ಅರ್ಥ ಆಯ್ತು. ಮಾತು ಆಡಬೇಕಾದರೆ ಉಸಿರು ನಿಧಾನಕ್ಕೆ ಹೊರಗೆ ಹೋಗಲೇಬೇಕು. ಉಸಿರಿಗೆ ಯಾರೂ ಆಜ್ಞೆ ಮಾಡುವುದಿಲ್ಲ, ಅದು ತಾನಾಗಿ ಹಿಂದೆ ಬರುತ್ತದೆ. ನಾನು ಗಟ್ಟಿಯಾಗಿ ಅಲ್ಲದಿದ್ದರೂ ತುಟಿ ಅಲ್ಲಾಡಿಸಿ ಹೇಳೋದು ಇದಕ್ಕೇ. ಹಳಬರು ವಾಚಿಕ, ಉಪಾಂಶು, ಮಾನಸ ಅಂತ ಜಪದಲ್ಲಿ ಮೂರು ಬಗೆ ಮಾಡಿ, ಮನಸ್ಸಿನಲ್ಲೇ ಹೇಳಿಕೊಳ್ಳುವ ಮಾನಸವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ. ಇರಬಹುದು. ಆದರೆ ನನ್ನಂಥ ಹೊಸಬ ಮಾನಸ ಜಪಕ್ಕೆ ಕೂತರೆ ಮೂರನೇ ಮಣಿಗೆ ಸ್ಪ್ರಿಂಟ್ ಪ್ಲಾನಿಂಗ್ ಶುರುವಾಗಿರುತ್ತದೆ.

ಹಾಗೇ ನೋಡಿದರೆ ಇದು ಒಂದು ಮತದ ಆಸ್ತಿಯೂ ಅಲ್ಲ. ನನ್ನ ಮಂಗಳೂರಿನ ರೂಮ್‌ಮೇಟ್ ಮನೆಯಲ್ಲಿ ಸಂಜೆ ಎಲ್ಲರೂ ಸೇರಿ ಜಪಸರ ಹೇಳುತ್ತಾರೆ. ಮುಸ್ಲಿಮರ ಕೈಯಲ್ಲಿ ತಸ್ಬೀಹ್. ಬೈಲಕುಪ್ಪೆಗೆ ಹೋದರೆ, 1961ರಿಂದ ಅಲ್ಲಿ ನೆಲೆಯಾದ ಟಿಬೆಟನ್ನರಲ್ಲಿ ವಯಸ್ಸಾದವರು ಮಣಿ ತಿರುಗಿಸುತ್ತಾ ನಡೆಯುವುದು ಕಾಣಿಸುತ್ತದೆ. ಹತ್ತೊಂಬತ್ತನೇ ಶತಮಾನದ ರಷ್ಯಾದ ಒಬ್ಬ ಅನಾಮಿಕ ಯಾತ್ರಿಕನ ಕಥೆ ಇದೆ, 'ದಿ ವೇ ಆಫ್ ಎ ಪಿಲ್‌ಗ್ರಿಮ್' ಅಂತ ಇಂಗ್ಲಿಷಿನಲ್ಲಿ ಸಿಗುತ್ತದೆ. ಅದರಲ್ಲಿ ಗುರು ಅವನಿಗೆ ಯೇಸುವಿನ ಚಿಕ್ಕ ಪ್ರಾರ್ಥನೆಯನ್ನು ಮೊದಲು ದಿನಕ್ಕೆ 3000 ಸಲ ಹೇಳು ಅಂತಾನೆ, ಆಮೇಲೆ 6000, ಆಮೇಲೆ 12000. ಮೂರರ ಲೆಕ್ಕ ದಾಟಿದ ಮೇಲೆ ಅವನಿಗೆ ಲೆಕ್ಕವೇ ಬೇಡವಾಗುತ್ತದೆ. ನನ್ನ ಎಕ್ಸೆಲ್ ಶೀಟಿಗೆ ಆ ಗತಿ ಎರಡೇ ವಾರದಲ್ಲಿ ಬಂದಿದ್ದು ಬೇರೆ ಕಾರಣಕ್ಕೆ ಬಿಡಿ.

ನಮ್ಮ ಹತ್ತಿರದ್ದೇ ಒಂದು ಕಥೆ ಹೇಳುತ್ತೇನೆ. ಕಾಞಂಗಾಡಿನ ಸ್ವಾಮಿ ರಾಮದಾಸರ ಹೆಸರು ಕರಾವಳಿಯವರಿಗೆ ಗೊತ್ತಿರುತ್ತದೆ. ಹುಟ್ಟಿದ್ದು 1884ರಲ್ಲಿ ಹೊಸದುರ್ಗದಲ್ಲಿ, ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೆಸರು ವಿಠ್ಠಲ ರಾವ್, ಮನೆಮಾತು ಕೊಂಕಣಿ. ನಮ್ಮ ಹಾಗೇ ಇಂಜಿನಿಯರಿಂಗ್ ಜಾತಿ! ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್ಸ್ಟಿಟ್ಯೂಟ್‌ನಲ್ಲಿ ಜವಳಿ ತಂತ್ರಜ್ಞಾನ ಓದಿದವರು. ಆಮೇಲೆ ಮಿಲ್ಲುಗಳಲ್ಲಿ ಕೆಲಸ, ಕೆಲಸ ಬಿಡುವುದು, ಇನ್ನೊಂದು ಹುಡುಕುವುದು. ಕೊನೆಗೆ ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ, ಅಚ್ಚು ಹಾಕುವ ಸ್ವಂತ ವ್ಯಾಪಾರ. ಅದೂ ಕೈ ಹಿಡಿಯಲಿಲ್ಲ. ಸಾಲ, ಸಂಸಾರ, ಮನಸ್ಸಿಗೆ ಒಂದು ಕ್ಷಣ ನೆಮ್ಮದಿ ಇಲ್ಲ. ಆ ದಿನಗಳಲ್ಲಿ ಅವರು ಸುಮ್ಮನೆ 'ರಾಮ' ಅನ್ನೋಕೆ ಶುರುಮಾಡಿದರು. ಅದನ್ನು ನೋಡಿದ ಅವರ ತಂದೆ 'ಶ್ರೀರಾಮ ಜಯರಾಮ ಜಯಜಯರಾಮ' ಮಂತ್ರವನ್ನು ಉಪದೇಶ ಮಾಡಿದರು. ಅದರ ಹಿಂದೆ 'ಓಂ' ಸೇರಿಸಿಕೊಂಡದ್ದು ಅವರೇ. 1922ರ ಡಿಸೆಂಬರಿನಲ್ಲಿ ಮನೆ ಬಿಟ್ಟು ಹೊರಟರು. ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನು ಕಂಡರು, ಅಲ್ಲೇ ಗುಹೆಯಲ್ಲಿ ಜಪ ಮಾಡಿದರು, ದೇಶ ತಿರುಗಿದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಶುರುವಾಯ್ತು. 1963ರಲ್ಲಿ ತೀರಿಕೊಂಡರು. ಆ ಆಶ್ರಮದಲ್ಲಿ ರಾಮನಾಮ ಈಗಲೂ ನಡೆಯುತ್ತದೆ.

ಅವರ ಕಥೆ ಓದಿದಾಗ ನನಗೆ ಎರಡು ಭಾವ ಒಟ್ಟಿಗೆ ಬಂದವು. ವ್ಯಾಪಾರ ಮುಳುಗಿದ ಒಬ್ಬ ಸಾಮಾನ್ಯ ಮನುಷ್ಯ, ಯಾವ ವಿದ್ವತ್ತೂ ಇಲ್ಲದೆ, ಬರೀ ಒಂದು ಹೆಸರು ಹಿಡಿದು ಎಷ್ಟು ದೂರ ಹೋದ ಅನ್ನೋ ಬೆರಗು ಒಂದು. ಇನ್ನೊಂದು ಕಸಿವಿಸಿ. ಅವರು ಬಿಟ್ಟು ಹೊರಟ ಮನೆಯಲ್ಲಿ ಹೆಂಡತಿ ಇದ್ದರು, ಒಬ್ಬ ಮಗಳಿದ್ದಳು. ದೊಡ್ಡವರ ದೊಡ್ಡತನ ದೊಡ್ಡದೇ, ನಾನು ಅಳೆಯುವವನಲ್ಲ. ಆದರೂ ಆ ರಾತ್ರಿ ಆ ಮನೆಯ ಒಳಗೆ ಮಲಗಿದ್ದವರ ಬಗ್ಗೆ ಯೋಚಿಸದೆ ಇರೋಕೆ ನನಗೆ ಆಗಲಿಲ್ಲ. ನಮಗೆ ಶಾಂತಿ ಸಿಕ್ಕಿತು ಅಂದ ತಕ್ಷಣ ನಾವು ಯಾರಿಗೆ ಏನು ಬಾಕಿ ಇಟ್ಟಿದ್ದೇವೋ ಅದು ತೀರಿಬಿಡುತ್ತದಾ?

ಈ ಪ್ರಶ್ನೆ ಸುಮ್ಮನೆ ಬರಲಿಲ್ಲ. ಆಫೀಸಿನ ಕಥೆ ಹೇಳುವಾಗ ಮೇಲೆ ಒಂದು ಮಾತು ಬಿಟ್ಟಿದ್ದೆ. ಅದನ್ನು ಹೇಳದಿದ್ದರೆ ಇಷ್ಟು ಬರೆದದ್ದೆಲ್ಲ ಸುಳ್ಳು.

ಆ ತಪ್ಪು ಸಂಖ್ಯೆ ನನ್ನದು. ಆದರೆ ಫೈಲನ್ನು ಮರ್ಜ್ ಮಾಡಿದ್ದು ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗ. ನಾನು ಫೋನಿನಲ್ಲಿ ಹೇಳಿದೆ, ಅವನು ಹಾಕಿದ. ಸೋಮವಾರದ ಮೀಟಿಂಗಿನಲ್ಲಿ ಪರದೆಯ ಮೇಲೆ ಅವನ ಹೆಸರು ಬಂತು. 'ಹೊಸಬರು ಇನ್ನು ಮೇಲೆ ಸ್ವಲ್ಪ ನೋಡಿಕೊಂಡು ಮಾಡಬೇಕು' ಅಂತ ಮ್ಯಾನೇಜರ್ ಒಂದೇ ಸಾಲು ಹೇಳಿ ಮುಂದಕ್ಕೆ ಹೋದರು. ಬಾಯಿ ತೆರೆಯೋಕೆ ನನಗೆ ಮೂರು ಸೆಕೆಂಡು ಇತ್ತು. ಒಂದು ರಾಮನಾಮದಷ್ಟು ಹೊತ್ತು. ನಾನು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದೆ.

ಎರಡು ತಿಂಗಳು ನನ್ನ ತಲೆಯಲ್ಲಿ ಓಡುತ್ತಿದ್ದ ನೂರು ಚಿಂತೆಗಳಲ್ಲಿ ಇದು ಒಂದು. ಗಲಾಟೆ ಜಾಸ್ತಿ ಇದ್ದಾಗ ಇದೂ ಅದರೊಳಗೆ ಸೇರಿಕೊಂಡು ಕಾಣದ ಹಾಗಿತ್ತು. ಸಾಲದ ಕಂತು, ಅಪ್ಪನ ಮಂಡಿ, ಅಪ್ರೈಸಲ್, ಇದು, ಎಲ್ಲ ಒಂದೇ ಸಾಲಿನಲ್ಲಿ. ಜಪ ಶುರುವಾಗಿ ಮೂರು ವಾರ ಆದ ಮೇಲೆ ಒಂದೊಂದೇ ಚಿಂತೆ ಸದ್ದು ಕಡಿಮೆ ಮಾಡಿಕೊಂಡಿತು. ಮಳೆ ನಿಂತ ಮೇಲೆ ಹೊಳೆಯ ನೀರು ತಿಳಿಯಾಗುತ್ತದಲ್ಲ, ಹಾಗೆ. ತಿಳಿಯಾದ ಮೇಲೆ ತಳದಲ್ಲಿ ಈ ಒಂದು ಕಲ್ಲು ಕಂಡಿತು. ಇದು ಮಾತ್ರ ಎಷ್ಟು ಮಾಲೆ ತಿರುಗಿಸಿದರೂ ಅಲ್ಲಾಡಲಿಲ್ಲ. ಹೆಸರು ಹೇಳಿದಷ್ಟೂ ಸ್ಪಷ್ಟವಾಗುತ್ತಾ ಹೋಯ್ತು.

ಮೊದಲು ಜಪದ ಮೇಲೇ ಸಿಟ್ಟು ಬಂತು. ನಿದ್ದೆ ಕೊಡು ಅಂದರೆ ಇದನ್ನು ತೋರಿಸುತ್ತದಲ್ಲ ಅಂತ. ಆಮೇಲೆ ಅಜ್ಜಿಯ ಮಾತು ಹೊಸದಾಗಿ ಕೇಳಿಸಿತು. 'ನಂಗೆ ಕೇಳ್ಬೇಕಲ.' ನನಗೆ ಕೇಳಿಸಬೇಕಾಗಿದ್ದು ಇದೇ ಇರಬೇಕು.

ಒಂದು ಶುಕ್ರವಾರ ಮ್ಯಾನೇಜರಿಗೂ ತಂಡಕ್ಕೂ ಸೇರಿಸಿ ನಾಲ್ಕು ಸಾಲಿನ ಮೇಲ್ ಕಳಿಸಿದೆ. ಆ ಸಂಖ್ಯೆ ಕೊಟ್ಟಿದ್ದು ನಾನು, ಆವತ್ತು ಹೇಳಬೇಕಿತ್ತು, ಹೇಳಲಿಲ್ಲ ಅಂತ. ಮ್ಯಾನೇಜರ್ ಕರೆದು "ಅದು ಮುಗಿದ ಕಥೆ ಅಲ್ವಾ, ಈಗ ಯಾಕೆ?" ಅಂದರು. ಹುಡುಗ ಅಷ್ಟರಲ್ಲಿ ಬೇರೆ ತಂಡಕ್ಕೆ ಹೋಗಿದ್ದ. ಕ್ಯಾಂಟೀನಿನಲ್ಲಿ ಸಿಕ್ಕಾಗ ಎದುರಿಗೆ ನಿಂತು ಕ್ಷಮೆ ಕೇಳಿದೆ. ಅವನು ಟ್ರೇ ಹಿಡಿದುಕೊಂಡೇ "ಗೊತ್ತಿತ್ತು ಸರ್" ಅಂದ. ಅಷ್ಟೇ. 'ಪರವಾಗಿಲ್ಲ' ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿರಲಿಲ್ಲ ಅನ್ನೋದನ್ನ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹಾಗಾಗಿ ನನ್ನ ಎರಡನೇ ಮಾತು, ನಿಜವಾದ ಮಾತು, ಇದು. ಜಪವನ್ನು ನಿದ್ದೆ ಗುಳಿಗೆ ಥರ ಮಾರುವುದು ತಪ್ಪು. ತಲೆಯೊಳಗಿನ ಗಲಾಟೆಯಲ್ಲಿ ಬಹುಪಾಲು ಬರೀ ಗಲಾಟೆ, ನಿಜ. ಅದಕ್ಕೆ ಹೆಸರಿನ ತಾಳ ಹಾಕಿದರೆ ಇಳಿಯುತ್ತದೆ. ಆದರೆ ಅದರಲ್ಲಿ ಒಂದೆರಡು ನಿಜವಾದ ಕರೆಗಳೂ ಇರುತ್ತವೆ. ಅವನ್ನೂ ಸೇರಿಸಿ ಮುಚ್ಚಿಹಾಕೋಕೆ ಜಪ ಬಳಸಿದರೆ, ಅದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮನೆಯ ಬಾಗಿಲು ಬಡಿಯುವವರನ್ನು ಬಿಟ್ಟ ಹಾಗೆ. ಶಾಂತಿ ಸಿಗುವುದು ಜಪದ ಕೊನೆ ಅಲ್ಲ. ಸದ್ದು ಇಳಿದ ಮೇಲೆ ಏನು ಕಾಣಿಸುತ್ತದೋ ಅದಕ್ಕೆ ಎದ್ದು ಹೋಗಬೇಕು. ದಾಸರೂ ಶರಣರೂ ತೋರಿಕೆಯ ಭಕ್ತಿಯನ್ನು ಅಷ್ಟು ಹಂಗಿಸಿದ್ದು ಇದಕ್ಕೇ ಅನ್ನಿಸುತ್ತದೆ. ಅವರ ತಕರಾರು ಮಣಿಯ ಮೇಲಲ್ಲ, ಮಣಿ ಹಿಡಿದ ಕೈ ಆಮೇಲೆ ಏನು ಮಾಡುತ್ತದೆ ಅನ್ನುವುದರ ಮೇಲೆ.

ಈಗ ನೀವು ಕೇಳಬಹುದಾದ ಪ್ರಶ್ನೆಗಳು. ಕೇಳೇ ಕೇಳ್ತೀರಿ ಅಂತ ಗೊತ್ತು.

'ಯಾಂತ್ರಿಕವಾಗಿ ಹೇಳಿದರೆ ಏನು ಪ್ರಯೋಜನ?' ನೆಟ್‌ವರ್ಕಿನಲ್ಲಿ ಕೀಪ್‌ಅಲೈವ್ ಅಂತ ಒಂದು ಚಿಕ್ಕ ಪ್ಯಾಕೆಟ್ ಹೋಗುತ್ತಿರುತ್ತದೆ. ಅದರೊಳಗೆ ಯಾವ ಸುದ್ದಿಯೂ ಇರುವುದಿಲ್ಲ. ಅದರ ಕೆಲಸ ಸುದ್ದಿ ಮುಟ್ಟಿಸೋದಲ್ಲ, ಎರಡು ತುದಿಯ ನಡುವಿನ ಸಂಪರ್ಕ ಕಡಿಯದ ಹಾಗೆ ನೋಡಿಕೊಳ್ಳೋದು. ದನ ಗದರುತ್ತಾ ಅಜ್ಜಿ ಮಾಡುವ ಜಪ ಆ ಥರದ್ದು. ನೂರೆಂಟರಲ್ಲಿ ನೂರು ಯಾಂತ್ರಿಕವಾಗಿ ಹೋಗಲಿ. ಆ ನೂರು ಇಲ್ಲದಿದ್ದರೆ ಉಳಿದ ಎಂಟಕ್ಕೆ ದಾರಿ ತೆರೆದಿರುತ್ತಿರಲಿಲ್ಲ.

'ನಂಬಿಕೆ ಇಲ್ಲದವನು ಮಾಡಬಹುದಾ?' ಇದಕ್ಕೆ ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, ನಾನು ಶುರು ಮಾಡಿದಾಗ ನಂಬಿಕೆ ಇರಲಿಲ್ಲ. ಈಗ ಇದೆಯಾ ಅಂದರೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಅಜ್ಜಿಯ ದೇವರನ್ನು ನಿದ್ದೆಗಾಗಿ ಬಳಸಿಕೊಳ್ಳುತ್ತಿದ್ದೇನೆ ಅನ್ನುವ ಅಪರಾಧಿ ಭಾವ ತುಂಬಾ ದಿನ ಇತ್ತು. ಅದನ್ನೂ ಅಜ್ಜಿಗೆ ಹೇಳಿಕೊಂಡೆ. "ಹಸಿದಾಗ ಊಟಕ್ಕೆ ಬಂದ್ರೆ ನೆಂಟ ಅಲ್ಲ ಅಂತ ಯಾರು ಹೇಳ್ತಾರೆ" ಅಂದಳು. ಒಂದು ಮಾತು ಮಾತ್ರ ಗೊತ್ತಾಗಿದೆ. ಬರೀ ಪದ ಅಂದುಕೊಂಡು ಹೇಳುವುದಕ್ಕೂ, ಒಬ್ಬರನ್ನು ಕರೆಯುತ್ತಿದ್ದೇನೆ ಅಂದುಕೊಂಡು ಹೇಳುವುದಕ್ಕೂ ವ್ಯತ್ಯಾಸ ಇದೆ. ಪದ ಸದ್ದನ್ನು ಇಳಿಸಿತು. ಆ ಕಲ್ಲನ್ನು ತೋರಿಸಿದ್ದು, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಅಳುಕು.

'ನನಗೂ ಮೂರು ಗಂಟೆಗೆ ಎಚ್ಚರ ಆಗುತ್ತೆ, ಜಪ ಮಾಡಲಾ?' ಮಾಡಿ. ಆದರೆ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತೆ, ಬದುಕೇ ಬೇಡ ಅನ್ನಿಸುತ್ತೆ ಅಂದರೆ ಮೊದಲು ವೈದ್ಯರ ಹತ್ತಿರ ಹೋಗಿ. ನಾನೂ ಹೋಗಿದ್ದೆ, ಅದರಲ್ಲಿ ನಾಚಿಕೆ ಏನಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ಎಣಿಕೆ ತಪ್ಪಿದರೆ ಏನೋ ಕೆಟ್ಟದಾಗುತ್ತದೆ ಅಂತ ಭಯ ಹುಟ್ಟಿ ಮತ್ತೆ ಮತ್ತೆ ಮೊದಲಿಂದ ಶುರು ಮಾಡುವ ಹಾಗಾದರೆ ಅದು ಜಪ ಅಲ್ಲ, ಇನ್ನೊಂದು ಕಾಯಿಲೆಯ ಬಾಗಿಲು. ಅಲ್ಲಿಗೆ ನಿಲ್ಲಿಸಿ ಯಾರನ್ನಾದರೂ ಕೇಳಿ.

ನಾನು ಮಾಡೋದು ತುಂಬಾ ಸರಳ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಇಡುತ್ತೇನೆ, ಆನ್‌ಕಾಲ್ ಇರುವ ವಾರ ಬಿಟ್ಟು. ಗೋಡೆಗೆ ಒರಗಿ ಕೂತು ಒಂದು ಮಾಲೆ. ತೋರುಬೆರಳು ಮಣಿಗೆ ತಾಗಿಸಬಾರದು, ಮೇರುಮಣಿ ಬಂದಾಗ ದಾಟದೆ ಹಿಂದಕ್ಕೆ ತಿರುಗಬೇಕು ಅಂತ ಅಜ್ಜಿ ಆಮೇಲೆ ಹೇಳಿಕೊಟ್ಟಳು. ಮೊದಲು ಯಾಕೆ ಅಂತ ವಾದ ಮಾಡಿದೆ, ಈಗ ಮಾಡುವುದಿಲ್ಲ. ಆ ತಿರುಗುವ ಜಾಗಕ್ಕೆ ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತದೆ, ಆಗ ಇವತ್ತು ಯಾರಿಗಾದರೂ ಏನಾದರೂ ಬಾಕಿ ಇದೆಯಾ ಅಂತ ಕೇಳಿಕೊಳ್ಳುತ್ತೇನೆ. ಅದು ಯಾವ ಶಾಸ್ತ್ರದಲ್ಲೂ ಇಲ್ಲ, ನಾನೇ ಸೇರಿಸಿಕೊಂಡದ್ದು.

ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಆದರೆ ಕತ್ತಲಲ್ಲಿ ಕೈ ಚಾಚಿದರೆ ಮಾಲೆ ಸಿಗುತ್ತದೆ. ಎಷ್ಟನೇ ಮಣಿಗೆ ನಿದ್ದೆ ಬರುತ್ತದೆ ಅಂತ ಗೊತ್ತಾಗುವುದಿಲ್ಲ, ಬೆಳಿಗ್ಗೆ ಎದ್ದಾಗ ಮಾಲೆ ದಿಂಬಿನ ಕೆಳಗೆಲ್ಲೋ ಬಿದ್ದಿರುತ್ತದೆ. ಹೋದ ತಿಂಗಳು ಊರಿಗೆ ಹೋದಾಗ ಅಜ್ಜಿ "ನಿದ್ದೆ ಬರ್ತದಾ ಈಗ?" ಅಂತ ಕೇಳಿದಳು. ಬರ್ತದೆ ಅಂದೆ. "ಬಂದ ಮೇಲೆ ಬಿಡಬೇಡ ಮತ್ತೆ" ಅಂದು ಗೋಮುಖಿಯೊಳಗೆ ಕೈ ಹಾಕಿದಳು. ಅಷ್ಟರಲ್ಲಿ ದನ ಅಂಗಳಕ್ಕೆ ಬಂತು.

ನಿಮ್ಮ ಮನೆಗಳಲ್ಲೂ ಯಾರದ್ದಾದರೂ ತುಟಿ ಹೀಗೆ ಅಲ್ಲಾಡುತ್ತಿತ್ತಾ? ಯಾವ ಹೆಸರು? ನೀವು ಅದನ್ನು ಎತ್ತಿಕೊಂಡಿರಾ, ಬಿಟ್ಟಿರಾ? ಪುರುಸೊತ್ತು ಆದಾಗ ಬರೀರಿ. ಓದೋಕೆ ನನಗೆ ಈಗ ತಲೆಯಲ್ಲಿ ಸ್ವಲ್ಪ ಜಾಗ ಇದೆ.